ಯಂತ್ರ ಹೇಳಿತು, ಹೊಣೆ ಯಾರದು?

ರಾಯಚೂರು ಜಿಲ್ಲೆಯ ಭೂಪಟದಲ್ಲಿ ಮಸ್ಕಿ, ಲಿಂಗಸುಗೂರು, ಸಿಂಧನೂರು ಎಂಬ ಮೂರು ಹೆಸರುಗಳನ್ನು ಗುರುತಿಸಿಕೊಂಡವರಿಗೆ ಸಂತೆಕಲ್ಲೂರನ್ನು ಹುಡುಕುವುದು ಕಷ್ಟವಲ್ಲ. ಬಹುಕಾಲ ಲಿಂಗಸುಗೂರು ತಾಲ್ಲೂಕಿನಲ್ಲಿದ್ದು, ಈಗ ಮಸ್ಕಿ ತಾಲ್ಲೂಕಿಗೆ ಸೇರಿರುವ ಈ ಊರಿನ ಹೆಸರಿನಲ್ಲಿಯೇ ಸಂತೆಯಿದೆ. ಸಿಂಧನೂರಿನ ಕಡೆಗೆ ಹೋದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಬತ್ತದ ಗದ್ದೆ. ಲಿಂಗಸುಗೂರಿನ ಕಡೆಗೆ ತಿರುಗಿದರೆ ಮುಗಿಲನ್ನೇ ನಂಬಿದ ಹೊಲ, ಸಜ್ಜೆ, ತೊಗರಿ, ಹತ್ತಿ, ಬಿಳಿಜೋಳ. ಬೇಸಾಯವೆಂಬುದು ಇಲ್ಲಿ ಕಸುಬು ಮಾತ್ರವಲ್ಲ, ವರ್ಷಕ್ಕೊಮ್ಮೆ ಕಟ್ಟುವ ಪಣ.

ಈ ಊರಿಗೆ ಇನ್ನೊಂದು ಹೆಚ್ಚುಗಾರಿಕೆಯುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಘನಮಠದ ನಾಗಭೂಷಣ ಶಿವಯೋಗಿಗಳು 'ಕೃಷಿ ಜ್ಞಾನ ಪ್ರದೀಪಿಕೆ' ಎಂಬ ಗ್ರಂಥವನ್ನು ರಚಿಸಿದರು. ಮಠದಲ್ಲಿ ಕುಳಿತವರು ಮೋಕ್ಷದ ವಿಚಾರವನ್ನು ಬರೆಯುವುದು ವಾಡಿಕೆ. ಬೇಸಾಯದ ವಿಚಾರವನ್ನು ಬರೆದದ್ದು ವಿಶೇಷ. ಒಕ್ಕಲಿಗನ ಕೈಯಲ್ಲಿ, ಕಣ್ಣಿನಲ್ಲಿ, ಬಾಯಿಮಾತಿನಲ್ಲಿ ಹರಿದು ಬಂದ ತಿಳಿವಳಿಕೆಗೆ ಅಕ್ಷರದ ಗೌರವ ಸಲ್ಲಬೇಕೆಂದು ಒಬ್ಬ ಶಿವಯೋಗಿಗೆ ತೋರಿತು. ಹೊಲದ ಜ್ಞಾನ ಪುಟಕ್ಕೆ ಏರಿತು. ಪುಟದ ಮೇಲೆ ಬರೆದವರ ಹೆಸರೂ ಉಳಿಯಿತು.

ಇಂದು ಅದೇ ಹೊಲದ ಜ್ಞಾನ ಎರಡನೆಯ ಸಲ ಮನೆ ಬದಲಾಯಿಸುತ್ತಿದೆ. ಈ ಬಾರಿ ಅದು ಸೇರುತ್ತಿರುವುದು ತಾಳೆಗರಿಯನ್ನಲ್ಲ, ಕಾಗದವನ್ನಲ್ಲ. ಅಂಗೈಯಗಲದ ದೂರವಾಣಿಯ ಹಿಂದೆ ಎಲ್ಲಿಯೋ ದುಡಿಯುವ ಗಣಕಯಂತ್ರಗಳನ್ನು. ಕೃತಕ ಬುದ್ಧಿಮತ್ತೆ ಎಂಬ ಹೆಸರಿನ ಈ ಹೊಸ ವಿದ್ಯೆ ಪ್ರಶ್ನೆ ಕೇಳಿದರೆ ಉತ್ತರ ಹೇಳುತ್ತದೆ, ಎಲೆಯ ಚಿತ್ರ ತೋರಿಸಿದರೆ ರೋಗವನ್ನು ಹೆಸರಿಸುತ್ತದೆ, ಮಳೆ ಬರುವ ವಾರವನ್ನು ಎಣಿಸಿ ಕೊಡುತ್ತದೆ.

ಸಂತೆಕಲ್ಲೂರಿನ ಒಂದು ಮನೆಯ ಪಡಸಾಲೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಕಾಲೇಜಿನಲ್ಲಿ ಓದುವ ಮಗಳು ದೂರವಾಣಿಯನ್ನು ಮುಂದೆ ಹಿಡಿದು, ಈ ವಾರ ಹತ್ತಿ ಬಿತ್ತಬಹುದೆಂದು ಯಂತ್ರ ಹೇಳಿದ್ದನ್ನು ತಂದೆಗೆ ಓದಿ ಹೇಳುತ್ತಾಳೆ. ತಂದೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಾನೆ: "ಅದು ಹೇಳಿದಂಗ ಬಿತ್ತೀವಿ ಅಂತ ತಿಳಕೋ. ನಾಳೆ ಬೀಜ ಹುಟ್ಟಲಿಲ್ಲಂದ್ರ ಯಾರನ್ನ ಹೋಗಿ ಕೇಳಬೇಕವ್ವಾ?"

ಇದು ಹಳ್ಳಿಗನ ಅಜ್ಞಾನದ ಮಾತಲ್ಲ. ಜಗತ್ತಿನ ದೊಡ್ಡ ದೊಡ್ಡ ಸಭೆಗಳಲ್ಲಿ ಪಂಡಿತರು ಚರ್ಚಿಸುತ್ತಿರುವ ಪ್ರಶ್ನೆಯೂ ಬೇರೆಯಲ್ಲ. ಯಂತ್ರಕ್ಕೆ ಬುದ್ಧಿ ಬಂದ ಮೇಲೆ ಮನುಷ್ಯನಿಗೆ ಉಳಿಯುವ ಕೆಲಸವಾವುದು ಎಂದು ಕೇಳುವವರು, ಮೊದಲು ಈ ತಂದೆಗೆ ಉತ್ತರ ಕೊಡಬೇಕು.

ಗೊಂಬೆಯ ಹೊಟ್ಟೆಯಲ್ಲಿ ಆಟಗಾರ

ಉತ್ತರ ಕೊಡುವ ಮುನ್ನ ಯಂತ್ರಕ್ಕೆ ಬುದ್ಧಿ ಎಲ್ಲಿಂದ ಬಂತೆಂಬುದನ್ನು ತಿಳಿಯುವುದು ಲೇಸು. ಅದಕ್ಕೊಂದು ಹಳೆಯ ಕತೆಯುಂಟು, ಕತೆಯಾದರೂ ನಡೆದದ್ದು.

1770ರಲ್ಲಿ ವಿಯೆನ್ನಾ ನಗರದ ರಾಣಿ ಮರಿಯಾ ತೆರೇಸಾಳ ಆಸ್ಥಾನದಲ್ಲಿ ಕೆಂಪೆಲೆನ್ ಎಂಬಾತ ಒಂದು ಅದ್ಭುತವನ್ನು ಪ್ರದರ್ಶಿಸಿದ. ತುರ್ಕಿಯ ಉಡುಪು ತೊಟ್ಟ ಒಂದು ಗೊಂಬೆ. ಅದರ ಮುಂದೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚದುರಂಗದ ಹಾಸು. ಗೊಂಬೆ ತಾನೇ ಕೈಯೆತ್ತಿ ಕಾಯಿ ನಡೆಸುತ್ತಿತ್ತು, ಎದುರಾಳಿಗಳನ್ನು ಸೋಲಿಸುತ್ತಿತ್ತು. ಪೆಟ್ಟಿಗೆಯ ಬಾಗಿಲು ತೆರೆದು ತೋರಿಸಿದಾಗ ಜನರಿಗೆ ಕಂಡದ್ದು ಹಲ್ಲುಚಕ್ರಗಳು ಮಾತ್ರ. ಹಲವು ದಶಕಗಳ ಕಾಲ ಈ ಗೊಂಬೆ ಯೂರೋಪು ಅಮೆರಿಕಗಳನ್ನು ಸುತ್ತಿ ಬೆರಗುಗೊಳಿಸಿತು. ಗುಟ್ಟು ಬಹಳ ಸರಳವಾಗಿತ್ತು. ಆ ಪೆಟ್ಟಿಗೆಯೊಳಗೆ ಮೈ ಮುದುಡಿಕೊಂಡು ಒಬ್ಬ ಚತುರ ಆಟಗಾರ ಕುಳಿತಿರುತ್ತಿದ್ದ.

ಇಂದಿನ ಗಣಕಯಂತ್ರದೊಳಗೆ ಯಾರೂ ಅಡಗಿ ಕುಳಿತಿಲ್ಲ. ಅದು ನಿಜವಾಗಿಯೂ ತಾನೇ ಲೆಕ್ಕ ಹಾಕುತ್ತದೆ. ಆದರೆ ಆ ಲೆಕ್ಕವನ್ನು ಕಲಿಯಲು ಅದಕ್ಕೆ ಮನುಷ್ಯರು ಬೇಕಾದರು. ಒಬ್ಬಿಬ್ಬರಲ್ಲ, ಸಾವಿರ ಸಾವಿರ ಜನ. ಚಿತ್ರವನ್ನು ನೋಡಿ ಇದು ನಾಯಿ, ಇದು ಬೆಕ್ಕು ಎಂದು ಗುರುತಿಸಲು ಯಂತ್ರಕ್ಕೆ ಕಲಿಸಿದ ಸಾಧನಗಳಲ್ಲಿ 'ಇಮೇಜ್‌ನೆಟ್' ಎಂಬ ಚಿತ್ರಭಂಡಾರ ಪ್ರಸಿದ್ಧವಾದುದು. ಅಮೆರಿಕದಲ್ಲಿ ವಿಜ್ಞಾನಿ ಫೆಯ್-ಫೆಯ್ ಲೀ ಮತ್ತು ಅವರ ಸಂಗಡಿಗರು 2009ರಲ್ಲಿ ಇದನ್ನು ಲೋಕದ ಮುಂದಿಟ್ಟರು. ಮುಂದೆ ಇದು ಬೆಳೆದು ಒಂದು ಕೋಟಿ ನಲವತ್ತು ಲಕ್ಷ ಚಿತ್ರಗಳಾಯಿತು. ಚಿತ್ರಗಳಿಗೆ ಹೆಸರು ಹಚ್ಚಲು 167 ದೇಶಗಳ ಸುಮಾರು 49 ಸಾವಿರ ಜನ ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಬಿಡಿಗೂಲಿಗೆ ದುಡಿದರು. ಅವರಿಗೆ ಕೆಲಸ ಹಂಚಿಕೊಟ್ಟ ಅಮೆರಿಕದ ವ್ಯವಸ್ಥೆಯ ಹೆಸರು ಏನೆಂದು ವಾಚಕರು ಊಹಿಸಬಲ್ಲರೆ? 'ಮೆಕ್ಯಾನಿಕಲ್ ಟರ್ಕ್', ಎಂದರೆ ಅದೇ ತುರ್ಕಿಯ ಗೊಂಬೆ! 2005ರಲ್ಲಿ ಅದನ್ನು ಸ್ಥಾಪಿಸಿದ ಕಂಪೆನಿ ಸತ್ಯವನ್ನೇ ಹೆಸರಾಗಿ ಇಟ್ಟಿತೆನ್ನಬೇಕು.

ಈ ದುಡಿಮೆ ಎಲ್ಲೆಡೆಯೂ ನ್ಯಾಯವಾಗಿ ನಡೆದಿಲ್ಲ. ಯಂತ್ರವು ಹೊಲಸು ಮಾತನ್ನೂ ಕ್ರೌರ್ಯವನ್ನೂ ಆಡದಂತೆ ಅದಕ್ಕೆ ವಿವೇಕ ಕಲಿಸಲು, ಕೀನ್ಯಾ ದೇಶದ ತರುಣ ತರುಣಿಯರು ಅಂಥ ಬರೆಹಗಳನ್ನೇ ದಿನವಿಡೀ ಓದಿ ಬೇರ್ಪಡಿಸಿದರೆಂದೂ, ಅದಕ್ಕಾಗಿ ಅವರಿಗೆ ಗಂಟೆಗೆ ಎರಡು ಡಾಲರಿಗಿಂತ ಕಡಿಮೆ ದೊರೆಯಿತೆಂದೂ 2023ರ ಜನವರಿಯಲ್ಲಿ ವರದಿಯಾಯಿತು. ಲೋಕವೇ ಬೆರಗಾಗಿ ನೋಡುವ ಯಂತ್ರದ ಸೌಜನ್ಯದ ಹಿಂದೆ ನಿದ್ದೆಗೆಟ್ಟ ಕೆಲವರ ಮನಸ್ಸಿನ ನೆಮ್ಮದಿ ಒತ್ತೆಯಾಗಿತ್ತು.

ಕನ್ನಡ ಕಲಿಸಿದವರು

ಯಂತ್ರಕ್ಕೆ ಕನ್ನಡವನ್ನು ಯಾರು ಕಲಿಸಿದರು? ಇಂಗ್ಲಿಷಿನ ಬರೆಹ ಗಣಕಲೋಕದಲ್ಲಿ ಕಡಲಿನಷ್ಟಿದೆ, ಕನ್ನಡದ್ದು ಕೆರೆಯಷ್ಟು. ಅದರಲ್ಲಿಯೂ ಆಡುಮಾತಿನ ಧ್ವನಿ ಇನ್ನೂ ವಿರಳ. ಆದುದರಿಂದ ಮಾತು ತಿಳಿಯುವ ಯಂತ್ರವನ್ನು ಕಟ್ಟಬೇಕಾದವರು ಹಳ್ಳಿಗಳಿಗೇ ಹೋಗಬೇಕಾಯಿತು.

ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆ ಇಂಥ ಕೆಲಸಕ್ಕಾಗಿ 2021ರಲ್ಲಿ ಆರಂಭವಾಯಿತು. ದಕ್ಷಿಣ ಕರ್ನಾಟಕದ ಚಿಲಕವಾಡಿ, ಆಲಹಳ್ಳಿ ಮೊದಲಾದ ಗ್ರಾಮಗಳ ಜನ, ಅದರಲ್ಲಿಯೂ ಅನೇಕ ಹೆಣ್ಣುಮಕ್ಕಳು, ಮನೆಗೆಲಸ ಹೊಲಗೆಲಸಗಳ ನಡುವೆ ಬಿಡುವು ಮಾಡಿಕೊಂಡು ದೂರವಾಣಿಯ ಮುಂದೆ ಕನ್ನಡದ ವಾಕ್ಯಗಳನ್ನು ಓದಿ ಧ್ವನಿಮುದ್ರಿಸಿದರು. ಕ್ಷಯರೋಗದ ವಿಷಯದಲ್ಲಿ ಜನರಿಗೆ ತಿಳಿವಳಿಕೆ ನೀಡುವ ಯಂತ್ರಕ್ಕೆ ಕನ್ನಡ ಬರಬೇಕಾಗಿತ್ತು. ಅದಕ್ಕೆ ಇವರ ದನಿ ಪಾಠವಾಯಿತು. ಇಲ್ಲಿ ಗಮನಿಸಬೇಕಾದದ್ದು ಕೂಲಿಯ ಕ್ರಮ. ಗಂಟೆಗೆ ಸುಮಾರು ಐದು ಡಾಲರ್, ಎಂದರೆ ದೇಶದ ಕನಿಷ್ಠ ಕೂಲಿಯ ಸುಮಾರು ಇಪ್ಪತ್ತರಷ್ಟು ಹಣವನ್ನು ಸಂಸ್ಥೆ ಕೊಟ್ಟಿತು. ಅಷ್ಟೇ ಅಲ್ಲ, ಮುದ್ರಿಸಿಕೊಂಡ ಆ ಮಾತಿನ ಸಂಗ್ರಹ ಮತ್ತೊಬ್ಬರಿಗೆ ಮಾರಾಟವಾದರೆ, ಗ್ರಂಥಕರ್ತನಿಗೆ ಗೌರವಧನ ಸಲ್ಲುವಂತೆ ಮಾತನಾಡಿದವರಿಗೂ ಒಂದು ಪಾಲು ಸಲ್ಲಬೇಕೆಂಬ ನಿಯಮವನ್ನು ಮಾಡಿಕೊಂಡಿತು. ಹೊಲದಲ್ಲಿ ಕಳೆ ಕೀಳುವವಳಿಗೆ ತನ್ನ ನಾಲಗೆಯ ಮೇಲಿರುವ ಭಾಷೆ ಒಂದು ಆಸ್ತಿಯೆಂದು ಹಿಂದೆ ಯಾರೂ ಹೇಳಿರಲಿಲ್ಲ.

ಕೆಲಸ ದಕ್ಷಿಣದಲ್ಲಿಯೇ ನಿಲ್ಲಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಕಂಪೆನಿಯ ನೆರವಿನಿಂದ 2022ರಲ್ಲಿ ಕೈಗೊಂಡ 'ವಾಣಿ' ಎಂಬ ಯೋಜನೆ ದೇಶದ 773 ಜಿಲ್ಲೆಗಳಿಂದ ಸುಮಾರು ಹತ್ತು ಲಕ್ಷ ಜನರ ಮಾತನ್ನು, ಒಂದೂವರೆ ಲಕ್ಷ ಗಂಟೆಗಳಷ್ಟು, ಕೂಡಿಹಾಕುವ ಗುರಿಯಿಟ್ಟುಕೊಂಡಿತು. ಇಲ್ಲಿ ಬರೆದ ವಾಕ್ಯವನ್ನು ಓದಿಸುವುದಿಲ್ಲ. ಒಂದು ಚಿತ್ರವನ್ನು ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿರೆಂದು ಕೇಳುತ್ತಾರೆ. ಮೊದಲ ಹಂತದಲ್ಲಿ ಆರಿಸಿಕೊಂಡ ಜಿಲ್ಲೆಗಳಲ್ಲಿ ರಾಯಚೂರೂ ಒಂದು.

ಇದು ಸಣ್ಣ ಸಂಗತಿಯಲ್ಲ. ಈ ಸೀಮೆಯ ಒಕ್ಕಲಿಗ 'ಅಡವಿಗೆ ಹೋಗಿ ಬರ್ತೀನಿ' ಎಂದರೆ ಕಾಡಿಗೆ ಹೋಗುವನೆಂದು ಅರ್ಥವಲ್ಲ, ಹೊಲಕ್ಕೆ ಹೋಗುತ್ತಾನೆ. ಅವನ ಬಾಯಲ್ಲಿ ಮಳೆ 'ಮಳಿ'ಯಾಗುತ್ತದೆ, ಸಜ್ಜೆ 'ಸಜ್ಜಿ'ಯಾಗುತ್ತದೆ, ಬೇಸಿಗೆ 'ಬ್ಯಾಸಿಗಿ'ಯಾಗುತ್ತದೆ. ಸಾಲುಗಳ ನಡುವಿನ ಕಳೆ ತೆಗೆಯುವುದಕ್ಕೆ ಅವನು 'ಎಡಿ ಹೊಡೆಯೋದು' ಎನ್ನುತ್ತಾನೆ. ಪುಸ್ತಕದ ಕನ್ನಡವನ್ನು ಮಾತ್ರ ಕಲಿತ ಯಂತ್ರ ಇವನ ಅಡವಿಯಲ್ಲಿ ದಾರಿ ತಪ್ಪದೆ ಇರುವುದಿಲ್ಲ. ಯಂತ್ರಕ್ಕೆ ಅರ್ಥವಾಗಲೆಂದು ರೈತ ತನ್ನ ಮಾತನ್ನು ಬದಲಾಯಿಸಬೇಕೆ, ರೈತನಿಗೆ ಉಪಯೋಗವಾಗಲೆಂದು ಯಂತ್ರ ತನ್ನ ಕಿವಿಯನ್ನು ತಿದ್ದಿಕೊಳ್ಳಬೇಕೆ? ಮನುಷ್ಯನನ್ನು ನಡುವೆ ಇಟ್ಟುಕೊಂಡ ಕೆಲಸ ಯಾವುದು, ಯಂತ್ರವನ್ನು ನಡುವೆ ಇಟ್ಟುಕೊಂಡದ್ದು ಯಾವುದು ಎಂಬುದಕ್ಕೆ ಇದೇ ಒರೆಗಲ್ಲು.

ಮುಗಿಲಿನ ಲೆಕ್ಕ

ಇನ್ನು ಯಂತ್ರದಿಂದ ಉಪಕಾರವಿಲ್ಲವೆಂದು ಯಾರೂ ಭಾವಿಸಬಾರದು. ರಾಯಚೂರಿಗೆ ತುಂಗಭದ್ರೆಯ ಆಚೆಯ ನೆರೆಯಾದ ಕರ್ನೂಲು ಸೀಮೆಯ ದೇವನಕೊಂಡದಲ್ಲಿ 2016ರಲ್ಲಿ ಒಂದು ಪ್ರಯೋಗ ನಡೆಯಿತು. ಹೈದರಾಬಾದಿನ ಇಕ್ರಿಸ್ಯಾಟ್ ಸಂಶೋಧನ ಕೇಂದ್ರವೂ ಮೈಕ್ರೋಸಾಫ್ಟ್ ಕಂಪೆನಿಯೂ ಕೂಡಿ, ಆ ಪ್ರದೇಶದ ಮೂವತ್ತು ವರ್ಷಗಳ ಹವೆಯ ದಾಖಲೆಗಳನ್ನು ಯಂತ್ರಕ್ಕೆ ಉಣಿಸಿ, ಸೇಂಗಾ ಬಿತ್ತನೆಗೆ ತಕ್ಕ ವಾರವನ್ನು ಲೆಕ್ಕ ಹಾಕಿಸಿದರು. 175 ರೈತರಿಗೆ ತೆಲುಗಿನಲ್ಲಿ ಸಂದೇಶ ಹೋಯಿತು. ಜೂನ್ ಮೊದಲ ಮಳೆಗೇ ಬಿತ್ತುವ ಆತುರವನ್ನು ತಡೆದು, ತಿಂಗಳ ಕೊನೆಯ ಭಾಗದವರೆಗೆ ಕಾಯಿರೆಂದು ಯಂತ್ರ ಹೇಳಿತು. ಹಾಗೆ ಕಾದವರ ಇಳುವರಿ ನೂರಕ್ಕೆ ಮೂವತ್ತರಷ್ಟು ಹೆಚ್ಚಾಯಿತೆಂದು ಪ್ರಯೋಗ ನಡೆಸಿದವರು ತಿಳಿಸಿದರು. ಮರುವರ್ಷ ಈ ಪ್ರಯತ್ನ ಕರ್ನಾಟಕಕ್ಕೂ ಹಬ್ಬಿತು. 2017ರ ಅಕ್ಟೋಬರಿನಲ್ಲಿ ಕರ್ನಾಟಕ ಕೃಷಿ ಬೆಲೆ ಆಯೋಗವು ತೊಗರಿಯ ಬೆಲೆಯನ್ನು ಮುಂಚಿತವಾಗಿ ಅಂದಾಜು ಮಾಡಲು ಇದೇ ವಿದ್ಯೆಯ ನೆರವು ಪಡೆಯುವ ಒಪ್ಪಂದ ಮಾಡಿಕೊಂಡಿತು.

2025ರ ಮುಂಗಾರಿನಲ್ಲಿ ಇನ್ನೂ ದೊಡ್ಡ ಹೆಜ್ಜೆಯಿಟ್ಟದ್ದು ಕೇಂದ್ರ ಕೃಷಿ ಮಂತ್ರಾಲಯ. ಕೃತಕ ಬುದ್ಧಿಮತ್ತೆಯ ಎರಡು ಹವಾಮಾನ ಗಣಿತಗಳನ್ನು ಸೇರಿಸಿ, ಮಳೆ ಯಾವಾಗ ಹಿಡಿಯುವುದೆಂಬ ಸೂಚನೆಯನ್ನು 13 ರಾಜ್ಯಗಳ ಸುಮಾರು 3 ಕೋಟಿ 88 ಲಕ್ಷ ರೈತರ ದೂರವಾಣಿಗಳಿಗೆ ವಾರಗಳ ಮುಂಚೆಯೇ ಕಳುಹಿಸಲಾಯಿತು. ಆ ವರ್ಷ ಮುಂಗಾರು ಮೇ ತಿಂಗಳಲ್ಲಿಯೇ ಕಾಲಿಟ್ಟು, ಆಮೇಲೆ ನಡುದಾರಿಯಲ್ಲಿ ಸುಮಾರು ಇಪ್ಪತ್ತು ದಿನ ನಿಂತುಬಿಟ್ಟಿತು. ಆ ನಿಲುಗಡೆಯನ್ನೂ ಯಂತ್ರ ಮೊದಲೇ ಗುರುತಿಸಿತ್ತು. ರೋಹಿಣಿ, ಮೃಗಶಿರ, ಆರಿದ್ರೆಯೆಂದು ಹದಿಮೂರು ಹದಿನಾಲ್ಕು ದಿನಗಳ ನಕ್ಷತ್ರದ ಲೆಕ್ಕದಲ್ಲಿ ಮಳೆಯನ್ನು ಎಣಿಸುತ್ತಿದ್ದ ಒಕ್ಕಲಿಗನಿಗೆ ಇದು ಬೆಲೆಯುಳ್ಳ ಸಹಾಯವೇ ಸರಿ. ಆದರೆ ಆ ಸಂದೇಶಗಳು ಹೋದ ಭಾಷೆಗಳು ಐದು: ಹಿಂದಿ, ಒಡಿಯಾ, ಮರಾಠಿ, ಬಂಗಾಳಿ, ಪಂಜಾಬಿ. ಕನ್ನಡ ಅದರಲ್ಲಿ ಇರಲಿಲ್ಲ. ಯಂತ್ರಕ್ಕೆ ಬುದ್ಧಿ ಎಷ್ಟಿದ್ದರೇನು, ಯಾರಿಗೆ ಯಾವ ಮಾತಿನಲ್ಲಿ ಹೇಳಬೇಕೆಂಬುದನ್ನು ನಿಶ್ಚಯಿಸುವವನು ಇಂದಿಗೂ ಮನುಷ್ಯನೇ.

ಪಹಣಿಯ ಪಾಠ

ಯಂತ್ರ ಬಂದುದರಿಂದ ಮನುಷ್ಯನಿಗೆ ಒಳಿತಾಯಿತೆ, ಕೆಡುಕಾಯಿತೆ ಎಂಬುದಕ್ಕೆ ಕರ್ನಾಟಕದ ರೈತ ಒಂದು ಹಳೆಯ ಅನುಭವವನ್ನು ನೆನೆಯಬಹುದು. ಜಮೀನಿನ ಪಹಣಿ ಕೈಬರೆಹದಲ್ಲಿದ್ದ ಕಾಲದಲ್ಲಿ ಅದರ ನಕಲು ಬೇಕಾದವನು ಗ್ರಾಮಲೆಕ್ಕಿಗನ ಸಮಯವನ್ನೂ ಮನಸ್ಸನ್ನೂ ಕಾಯಬೇಕಾಗಿತ್ತು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆ ಬಂದು, ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಹಾಳೆ ಕೈಗೆ ಬರತೊಡಗಿತು. ಯಾರ ಮುಲಾಜೂ ಇಲ್ಲ, ಯಾರ ಕೈಬೆಚ್ಚಗೆ ಮಾಡುವ ಪ್ರಮೇಯವೂ ಇಲ್ಲ. ಯಂತ್ರವನ್ನು ಹಳಿಯುವವರು ಇದನ್ನು ಮರೆಯಬಾರದು. ಮನುಷ್ಯನ ಕೈಯಲ್ಲಿದ್ದ ಕೆಲಸವೆಲ್ಲವೂ ಮನುಷ್ಯತ್ವದ ಕೆಲಸವಾಗಿರಲಿಲ್ಲ.

ಆದರೆ ಅದೇ ಪಹಣಿಯಲ್ಲಿ ಒಂದು ಸರ್ವೇ ನಂಬರು ತಪ್ಪಾಗಿದ್ದರೆ? ತಂದೆಯ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿದ್ದರೆ? ಗಣಕ ತನಗೆ ಕೊಟ್ಟದ್ದನ್ನೇ ನೂರು ಸಲ ಅಚ್ಚು ಹೊಡೆಯುತ್ತದೆ. ತಿದ್ದಬೇಕಾದರೆ ಅರ್ಜಿ ಬೇಕು, ವಿಚಾರಣೆ ಬೇಕು, ಹೊಲದ ಬದುವಿನ ಮೇಲೆ ನಿಂತು ನೋಡುವ ಕಣ್ಣು ಬೇಕು, ಕೊನೆಗೆ ರುಜು ಹಾಕುವ ಒಬ್ಬ ಅಧಿಕಾರಿ ಬೇಕು. ನಕಲು ಮಾಡುವ ಕೆಲಸ ಯಂತ್ರಕ್ಕೆ ಹೋಯಿತು. ನ್ಯಾಯ ಹೇಳುವ ಕೆಲಸ ಮನುಷ್ಯನ ಬಳಿಯೇ ಉಳಿಯಿತು. ಕೃತಕ ಬುದ್ಧಿಯ ಯುಗದಲ್ಲಿ ಯಾವ ಉದ್ಯೋಗ ಉಳಿದೀತು, ಯಾವುದು ಅಳಿದೀತು ಎಂದು ಚಿಂತಿಸುವ ತರುಣರಿಗೆ ಈ ಪಹಣಿಯೊಂದು ಒಳ್ಳೆಯ ಪಠ್ಯ.

ನಡುವೆ ನಿಂತವರು

ಹತ್ತಿ ಬೆಳೆಗಾರನ ಕಷ್ಟ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. 2002ರಲ್ಲಿ ದೇಶಕ್ಕೆ ಬಂದ ಬಿ.ಟಿ. ಹತ್ತಿ ಕಾಯಿಕೊರಕದ ಭಯವನ್ನು ಕೆಲಕಾಲ ನೀಗಿಸಿತು. ಆದರೆ ಗುಲಾಬಿ ಕಾಯಿಕೊರಕ ಆ ವಿಷಕ್ಕೆ ಒಗ್ಗಿಕೊಂಡು ಮತ್ತೆ ತಲೆಯೆತ್ತಿತು. ಕಾಯಿಯೊಳಗೆ ಅಡಗಿ ತಿನ್ನುವ ಈ ಹುಳು ಹೊರಗಿನಿಂದ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆಗ ರೈತ ಓಡುವುದು ಔಷಧದ ಅಂಗಡಿಗೆ. ಅಂಗಡಿಯವನ ಸಲಹೆಯಲ್ಲಿ ಬೆಳೆಯ ಹಿತವೆಷ್ಟು, ಬಾಟಲಿಯ ಮಾರಾಟವೆಷ್ಟು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಇಲ್ಲಿ ನಿಷ್ಪಕ್ಷಪಾತಿಯಾದ ಯಂತ್ರಕ್ಕೆ ನಿಜವಾಗಿಯೂ ಒಂದು ಸ್ಥಾನವಿದೆ.

ಮುಂಬಯಿಯ ವಾಧ್ವಾನಿ ಕೃತಕ ಬುದ್ಧಿಮತ್ತೆ ಸಂಸ್ಥೆಯವರು ಹತ್ತಿಗಾಗಿ ರೂಪಿಸಿದ ಒಂದು ಸಾಧನದಲ್ಲಿ ಈ ಸ್ಥಾನವನ್ನು ಜಾಣತನದಿಂದ ಗೊತ್ತುಮಾಡಿದ್ದಾರೆ. ಹೊಲದಲ್ಲಿ ಮೋಹಕ ಬಲೆಯನ್ನು ಕಟ್ಟುತ್ತಾರೆ. ಹೆಣ್ಣು ಪತಂಗದ ವಾಸನೆಗೆ ಮರುಳಾಗಿ ಗಂಡು ಪತಂಗಗಳು ಬಂದು ಬೀಳುತ್ತವೆ. ಬಿದ್ದವುಗಳ ಚಿತ್ರ ತೆಗೆದರೆ ಯಂತ್ರ ಅವನ್ನು ಎಣಿಸಿ, ಔಷಧ ಹೊಡೆಯುವ ಹೊತ್ತು ಬಂದಿದೆಯೋ ಇಲ್ಲವೋ ಹೇಳುತ್ತದೆ. ಆದರೆ ಚಿತ್ರ ತೆಗೆಯುವ ಕೆಲಸ ಎಲ್ಲರದೂ ಅಲ್ಲ. ಊರಿನಲ್ಲಿ ಕೆಲವರು ಮುಂದಾಳು ರೈತರು. ಅವರು ಬಲೆ ಕಟ್ಟಿ, ಚಿತ್ರ ತೆಗೆದು, ಬಂದ ಸಲಹೆಯನ್ನು ತಮ್ಮ ಸುತ್ತಿನ ರೈತರಿಗೆ ತಿಳಿಸುತ್ತಾರೆ. ಎಣಿಕೆ ಯಂತ್ರದ್ದು, ಮಾತು ನೆರೆಯವನದು. ನಾಳೆ ಬೆಳಗ್ಗೆ ಅವನೂ ಅದೇ ಊರ ಬಾವಿಯ ಹಾದಿಯಲ್ಲಿ ಎದುರಾಗಬೇಕಾದವನಾದುದರಿಂದ ಆ ಮಾತಿಗೆ ಒಂದು ತೂಕ ಬರುತ್ತದೆ.

ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯ ಈ ಹುರುಡಿಗೆ ಎಷ್ಟೋ ಮುಂಚೆಯೇ, ಕಳೆದ ದಶಕದ ಆರಂಭದಲ್ಲಿ, 'ಇ-ಸ್ಯಾಪ್' ಎಂಬ ಸಾಧನವನ್ನು ಬಳಕೆಗೆ ತಂದಿತು. ಕೃಷಿ ಕಾರ್ಯಕರ್ತನೊಬ್ಬ ಕೈಯಲ್ಲಿ ಹಿಡಿಯುವ ಗಣಕದೊಡನೆ ಹೊಲಕ್ಕೆ ಹೋಗಿ, ಅದು ಕನ್ನಡದಲ್ಲಿ ಕೇಳುವ ಪ್ರಶ್ನೆಗಳಿಗೆ ಬೆಳೆಯನ್ನು ನೋಡುತ್ತ ಉತ್ತರ ಕೊಟ್ಟು, ಕೀಟವನ್ನು ಗುರುತಿಸುವ ಏರ್ಪಾಡು ಅದು. ಗಣಕಕ್ಕೆ ತಿಳಿಯದ ತೊಂದರೆ ಎದುರಾದರೆ ಪ್ರಶ್ನೆ ವಿಶ್ವವಿದ್ಯಾನಿಲಯದ ತಜ್ಞರಿಗೆ ಹೋಗುತ್ತಿತ್ತು. ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡು, ಗೊತ್ತಿರುವವರ ಕಡೆಗೆ ಕೈತೋರಿಸುವ ಯಂತ್ರ ಬುದ್ಧಿವಂತ ಯಂತ್ರಕ್ಕಿಂತ ಒಂದು ಕೈ ಮೇಲು. ಇಂದಿನ ಮಾತಾಳಿ ಯಂತ್ರಗಳಲ್ಲಿರುವ ದೊಡ್ಡ ದೋಷವೇ ಅದು: ಗೊತ್ತಿಲ್ಲದ್ದನ್ನೂ ಅವು ಗೊತ್ತಿದ್ದಷ್ಟೇ ನಯವಾಗಿ, ಅಷ್ಟೇ ಧೈರ್ಯವಾಗಿ ಹೇಳಿಬಿಡುತ್ತವೆ. ಸಂತೆಯಲ್ಲಿ ಹೀಗೆ ಮಾತನಾಡುವವನನ್ನು ಜನ ಎರಡು ವಾರಗಳಲ್ಲಿ ಗುರುತು ಹಿಡಿಯುತ್ತಾರೆ. ಮೂರನೆಯ ವಾರ ಅವನ ಚೀಲದ ಮುಂದೆ ಯಾರೂ ನಿಲ್ಲುವುದಿಲ್ಲ. ಯಂತ್ರಕ್ಕೆ ಮುಖವಿಲ್ಲ, ಆದುದರಿಂದ ಅದಕ್ಕೆ ನಾಚಿಕೆಯೂ ಇಲ್ಲ.

ಹಾಗಾದರೆ ಕೃಷಿ ಅಧಿಕಾರಿಗೆ, ಉಪಾಧ್ಯಾಯನಿಗೆ, ಆಶಾ ಕಾರ್ಯಕರ್ತೆಗೆ ಮುಂದೆ ಉಳಿಯುವ ಕೆಲಸವೇನು? ಮಾಹಿತಿಯನ್ನು ಬಾಯಿಪಾಠ ಮಾಡಿ ಒಪ್ಪಿಸುವ ಕೆಲಸವಂತೂ ಅಲ್ಲ. ಅದನ್ನು ಯಂತ್ರ ಅವರಿಗಿಂತ ಚೆನ್ನಾಗಿ ಮಾಡುತ್ತದೆ. ಅವರಿಗೆ ಉಳಿಯುವುದು ಅದಕ್ಕಿಂತ ಹಿರಿದಾದ ಕೆಲಸ. ಈ ರೈತನ ಹೊಲ ಎರೆಯೋ ಮಸಾರಿಯೋ, ಅವನ ಮೇಲಿರುವ ಸಾಲವೆಷ್ಟು, ಬೀಜ ಕೆಟ್ಟರೆ ಎರಡನೆಯ ಸಲ ಬಿತ್ತುವ ಶಕ್ತಿ ಅವನಿಗಿದೆಯೇ ಎಂಬುದನ್ನು ತಿಳಿದು, ಯಂತ್ರ ಹೇಳಿದ ಮಾತನ್ನು ಅವನ ಬಾಳಿಗೆ ಹೊಂದಿಸಿ ಹೇಳುವುದು, ಹೊಂದದಿದ್ದರೆ ಬೇಡವೆನ್ನುವುದು, ಎರಡರಲ್ಲಿ ಯಾವುದನ್ನು ಹೇಳಿದರೂ ಆ ಮಾತಿಗೆ ಬದ್ಧರಾಗಿ ನಿಲ್ಲುವುದು. ನೂರು ಎಕರೆಯವನಿಗೆ ಒಪ್ಪುವ ಸಲಹೆ ಎರಡು ಎಕರೆಯವನನ್ನು ಮುಳುಗಿಸಬಹುದು. ಸರಾಸರಿ ಲೆಕ್ಕದಲ್ಲಿ ಯಂತ್ರ ಗೆದ್ದಾಗಲೂ, ಸೋತ ಒಬ್ಬನ ಮನೆಯ ಒಲೆ ಸರಾಸರಿಯಿಂದ ಉರಿಯುವುದಿಲ್ಲ.

ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ 1950ರಷ್ಟು ಹಿಂದೆಯೇ ಮನುಷ್ಯರನ್ನು ಮನುಷ್ಯರಂತೆ ಬಳಸಿಕೊಳ್ಳುವುದರ ವಿಚಾರವಾಗಿ ಒಂದು ಗ್ರಂಥ ಬರೆದರು. ಕೃತಕ ಬುದ್ಧಿಮತ್ತೆಯೆಂಬ ಹೆಸರು ಹುಟ್ಟಿದ್ದೇ ಅದಾದ ಐದಾರು ವರ್ಷಗಳ ಮೇಲೆ. ಎಂದರೆ, ಯಂತ್ರಕ್ಕೆ ಹೆಸರಿಡುವ ಮೊದಲೇ ಮನುಷ್ಯನ ಚಿಂತೆ ಆರಂಭವಾಗಿತ್ತು. ಚಿಂತೆ ಹಳೆಯದು, ಆದರೆ ಅದು ಈಗ ಹಳ್ಳಿಯ ಪಡಸಾಲೆಗೆ ಬಂದು ಕುಳಿತಿದೆ.

ಬಂಡೆಯ ಮೇಲಿನ ಹೆಸರು

ಸಂತೆಕಲ್ಲೂರಿನ ರೈತ ತನ್ನ ತಾಲ್ಲೂಕು ಸ್ಥಳವಾದ ಮಸ್ಕಿಗೆ ಹೋದಾಗ, ಅಲ್ಲಿಯ ಗುಡ್ಡದಲ್ಲಿ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಒಂದು ಉತ್ತರವಿದೆ.

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ನೆಲೆಯನ್ನು ಅರಸುತ್ತ ಈ ಗುಡ್ಡಗಳಲ್ಲಿ ತಿರುಗುತ್ತಿದ್ದಾಗ ಬಂಡೆಯೊಂದರ ಮೇಲೆ ಹಳೆಯ ಬರೆಹ ಕಂಡರು. ಅದನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಶಾಸನ ವಿದ್ವಾಂಸ ಎಚ್. ಕೃಷ್ಣಶಾಸ್ತ್ರಿಗಳು. ದೇಶದ ಹಲವೆಡೆ ದೊರೆತಿದ್ದ ಧರ್ಮಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯ ಮೇಲೆ ಮೊದಲ ಬಾರಿಗೆ ಅಶೋಕನೆಂಬ ಹೆಸರೇ ಕಾಣಿಸಿತು. ಹುಡುಕಿದ್ದು ಚಿನ್ನ, ಸಿಕ್ಕಿದ್ದು ಚಕ್ರವರ್ತಿಯ ಹೆಸರು. ಆ ಶಾಸನದಲ್ಲಿರುವ ವಿಚಾರವೂ ಇಲ್ಲಿ ನೆನೆಯತಕ್ಕದ್ದೇ. ಶ್ರೇಯಸ್ಸು ದೊಡ್ಡವರ ಸೊತ್ತಲ್ಲ, ಸಣ್ಣವನೂ ಧರ್ಮದಿಂದ ಅದನ್ನು ಪಡೆಯಬಲ್ಲ. ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ತಾತ್ಪರ್ಯ.

ಎಲ್ಲರಿಗೂ ಮುಟ್ಟುವಂತೆ ಮಾತನ್ನು ಹರಡಲು ಆ ಅರಸನೂ ಒಂದು ಸಾಧನವನ್ನು ಬಳಸಿದ, ಅದು ಕಲ್ಲು. ಆದರೆ ಕಲ್ಲು ಹೇಳಿತೆಂದು ಯಾರೂ ಅನ್ನಲಿಲ್ಲ. ಹೇಳಿದವನು ಅಶೋಕ, ಅವನ ಹೆಸರು ಮಾತಿನೊಡನೆಯೇ ಇತ್ತು. ಸಂತೆಕಲ್ಲೂರಿನ ಶಿವಯೋಗಿಗಳ ಕೃಷಿಗ್ರಂಥದಲ್ಲಿಯೂ ಅಷ್ಟೇ: ಪುಟ ಹೇಳಲಿಲ್ಲ, ಘನಮಠದವರು ಹೇಳಿದರು. ಮಾತಿಗೆ ಹೆಸರಿದ್ದಾಗ ಮಾತ್ರ ಅದನ್ನು ನಂಬಲೂ ಬಹುದು, ಪ್ರಶ್ನಿಸಲೂ ಬಹುದು.

ಯಂತ್ರದ ಮಾತಿಗೂ ಈ ಹೆಸರನ್ನು ಕೊಡುವುದು ಅಸಾಧ್ಯವೇನಲ್ಲ. ಅದಕ್ಕೆ ಮಾತು ಕಲಿಸಿದ ಚಿಲಕವಾಡಿಯ ಹೆಣ್ಣುಮಗಳಿಗೆ ಅವಳ ಪಾಲು ಸಲ್ಲುವಂತೆ ಒಂದು ಸಂಸ್ಥೆ ಏರ್ಪಾಡು ಮಾಡಬಲ್ಲುದಾದರೆ, ಅದರ ಸಲಹೆಯನ್ನು ಹಳ್ಳಿಗೆ ಮುಟ್ಟಿ��ುವ ಇಲಾಖೆಯೋ ಕಂಪೆನಿಯೋ ಪ್ರತಿಯೊಂದು ಸಂದೇಶದ ಕೆಳಗೆ, ಆ ಹೋಬಳಿಯಲ್ಲಿ ಕೈಗೆ ಸಿಗುವ ಒಬ್ಬ ಜವಾಬುದಾರನ ಹೆಸರನ್ನು ಬರೆಯಬಲ್ಲುದು. ತಪ್ಪಾದರೆ ನಷ್ಟವನ್ನು ತುಂಬಿಕೊಡುವ ಬಗೆಯನ್ನೂ ಮೊದಲೇ ತಿಳಿಸಬಲ್ಲುದು. ಕಲಿಸಿದವರ ಋಣವನ್ನು ಒಪ್ಪಿಕೊಂಡು, ಕೇಳಿದವರ ನಷ್ಟಕ್ಕೆ ಹೊಣೆಯಾಗಿ ನಿಂತಾಗ ಮಾತ್ರ ಯಂತ್ರದ ಬುದ್ಧಿ ಮನುಷ್ಯನ ಊರಿನಲ್ಲಿ ಒಕ್ಕಲಾಗಲು ಯೋಗ್ಯವಾಗುತ್ತದೆ.

ಆ ಪಡಸಾಲೆಯಲ್ಲಿ ತಂದೆಯ ಪ್ರಶ್ನೆಗೆ ಮಗಳು ತಕ್ಷಣ ಉತ್ತರ ಹೇಳಿರಲಾರಳು. ಆದರೆ ದೂರವಾಣಿಯನ್ನು ಬದಿಗಿಟ್ಟು, ನಾಳೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅಲ್ಲಿಯವರನ್ನೂ ಒಂದು ಮಾತು ಕೇಳೋಣವೆಂದು ಅವಳು ಹೇಳಿದರೆ, ಅದು ಯಂತ್ರವನ್ನು ತಿರಸ್ಕರಿಸಿದಂತಲ್ಲ. ಅದರ ಮಾತಿಗೆ ಒಬ್ಬ ಮನುಷ್ಯನ ಹೆಸರನ್ನು ಹುಡುಕಲು ಹೊರಟಂತೆ.